ವಿಮಾನದ ಹದ

ಎತ್ತಿನ ಗಾಡಿಯ ಸಹವಾಸ ಬಲ್ಲವರಿಗೆ, ಭಾರ ಹೇರುವುದೂ ಒಂದು ವಿದ್ಯೆಯೆಂದು ಹೇಳಿಕೊಡಬೇಕಾಗಿಲ್ಲ. ಎರಡೇ ಗಾಲಿಯ ಗಾಡಿ ಅದು. ಅಚ್ಚಿನ ಮೇಲೆ ನಿಂತ ತಕ್ಕಡಿ ಎಂದರೂ ಸಲ್ಲುತ್ತದೆ. ಮೂಟೆಗಳು ಮುಂದಕ್ಕೆ ಸರಿದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಬಲ್ಲ ಗಾಡಿಕಾರ ಹೊರಡುವುದಕ್ಕೆ ಮುಂಚೆ ಮೂಕಿಯನ್ನು ಒಮ್ಮೆ ಕೈಯಿಂದ ಎತ್ತಿ ನೋಡುತ್ತಾನೆ. ಒಂದು ಮೂಟೆಯನ್ನು ಗೇಣುದ್ದ ಸರಿಸಿ, ಹದವಾಯಿತು ಎನ್ನುತ್ತಾನೆ. ಆ ಮೇಲೆ ಎತ್ತುಗಳಿಗೆ ಎಳೆಯುವ ಕೆಲಸವಷ್ಟೇ ಉಳಿಯುತ್ತದೆ, ಹೊರುವ ಕೆಲಸವಿರುವುದಿಲ್ಲ.

ಆಕಾಶದಲ್ಲಿ ಹಾರುವ ವಿಮಾನಕ್ಕೂ ಬೇಕಾದದ್ದು ಈ ಹದವೇ. ಇಂಗ್ಲಿಷಿನವರು ಇದನ್ನು ಟ್ರಿಮ್ ಎನ್ನುತ್ತಾರೆ. ನಾನು ಕನ್ನಡ ಪಾಠ ಹೇಳುವವನು, ಎಂಜಿನಿಯರನಲ್ಲ. ಆದುದರಿಂದ ಯಂತ್ರಕ್ಕಿಂತ ಮೊದಲು ನನ್ನನ್ನು ಸೆಳೆದದ್ದು ಆ ಮಾತು. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಕ್ಕೆ ಗಟ್ಟಿಮಾಡು, ಅಣಿಗೊಳಿಸು ಎಂಬ ಅರ್ಥವಿತ್ತು. ಅನಂತರ ನಾವಿಕರು ಹಡಗಿನ ಸರಕನ್ನು ಮುಂದಕ್ಕೂ ಹಿಂದಕ್ಕೂ ಹೊಂದಿಸಿ, ಅದು ನೀರಿನಲ್ಲಿ ಸಮವಾಗಿ ಕೂರುವಂತೆ ಮಾಡುವುದಕ್ಕೆ ಆ ಮಾತನ್ನು ಬಳಸಿದರು. ಅವರಿಂದ ಅದು ವೈಮಾನಿಕರ ಬಾಯಿಗೆ ಬಂದಿತು. ನಮ್ಮಲ್ಲಿ ಬೆಲ್ಲದ ಪಾಕಕ್ಕೆ, ಬಿತ್ತನೆಯ ನೆಲಕ್ಕೆ, ವೀಣೆಯ ತಂತಿಗೆ ಸಲ್ಲುವ ‘ಹದ’ ಎಂಬ ಮಾತು ಈ ಅರ್ಥವನ್ನು ಸಲೀಸಾಗಿ ಹೊರಬಲ್ಲದು. ಮೂತಿ ಮೇಲೇಳುವುದು, ಕೆಳಗಿಳಿಯುವುದು ಎಂಬ ಚಲನೆಗೆ ಸಂಬಂಧಿಸಿದ ಹದವನ್ನೇ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು.

ಈಗಿನ ತರುಣರಲ್ಲಿ ಅನೇಕರು ಮನೆಯ ಕಂಪ್ಯೂಟರಿನ ಮುಂದೆ ಕುಳಿತು, ಸಿಮ್ಯುಲೇಟರ್ ಎಂಬ ಅಣಕು ವಿಮಾನದಲ್ಲಿ ದೇಶದೇಶಗಳನ್ನು ಸುತ್ತಿಬರುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲಿಯೂ ಅಂಥವರಿದ್ದಾರೆ. ಅವರಲ್ಲೊಬ್ಬ ಒಂದು ದಿನ, “ಸಾರ್, ಸಣ್ಣ ವಿಮಾನದಲ್ಲಿ ಟ್ರಿಮ್ ಮಾಡಿ ಮಾಡಿ ಸಾಕಾಗುತ್ತದೆ, ಏರ್‌ಬಸ್ಸಿನಲ್ಲಿ ಅದನ್ನು ಮುಟ್ಟುವ ಕೆಲಸವೇ ಇಲ್ಲ, ಚಕ್ರ ತನ್ನಷ್ಟಕ್ಕೆ ತಾನೇ ತಿರುಗುತ್ತದೆ, ಅದೇಕೆ?” ಎಂದು ಕೇಳಿದ. ಈ ‘ಅದೇಕೆ’ ಎಂಬುದರ ಹಿಂದೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ.

ಮೊದಲು ವಿಷಯದ ಮರ್ಮವನ್ನು ಎರಡು ಮಾತಿನಲ್ಲಿ ನೋಡೋಣ. ವಿಮಾನದ ಭಾರವೆಲ್ಲ ಒಂದು ಬಿಂದುವಿನಲ್ಲಿ ನಿಂತಿದೆಯೆಂದು ಭಾವಿಸಬಹುದು. ರೆಕ್ಕೆಗಳು ಎತ್ತಿಹಿಡಿಯುವ ಬಲ ಸಾಧಾರಣವಾಗಿ ಅದಕ್ಕಿಂತ ತುಸು ಹಿಂದಿನ ಬಿಂದುವಿನಲ್ಲಿ ಸಲ್ಲುತ್ತದೆ. ಹೀಗಾಗಿ ಮೂತಿ ಕೆಳಗೆ ಬಾಗಲು ನೋಡುತ್ತದೆ. ಅದನ್ನು ತಡೆಯುವುದಕ್ಕೆ ಬಾಲದಲ್ಲಿರುವ ಪುಟ್ಟ ಅಡ್ಡರೆಕ್ಕೆ ಕೆಳಮುಖವಾಗಿ ಒತ್ತುತ್ತದೆ. ಆ ರೆಕ್ಕೆಯ ಹಿಂದಂಚಿಗೆ ಕೀಲಿನಿಂದ ಸೇರಿಸಿದ ಪಟ್ಟಿಯೇ ಎಲಿವೇಟರ್. ಚಾಲಕನು ಕೋಲನ್ನು ತನ್ನೆಡೆಗೆ ಎಳೆದರೆ ಪಟ್ಟಿ ಮೇಲಕ್ಕೆ ಮಡಿಯುತ್ತದೆ, ಬಾಲ ತಗ್ಗುತ್ತದೆ, ಮೂತಿ ಏಳುತ್ತದೆ. ಆದರೆ ಗಾಳಿಯ ಬಲ ವೇಗದೊಡನೆ ಬದಲಾಗುತ್ತದೆ. ವೇಗ ತಗ್ಗಿದಾಗ, ಇಂಧನ ಉರಿದು ಭಾರ ಕಡಮೆಯಾದಾಗ, ಪ್ರಯಾಣಿಕರು ಎದ್ದು ಹಿಂದಕ್ಕೆ ನಡೆದಾಗಲೂ ಹದ ಕೆಡುತ್ತದೆ. ಆಗ ಚಾಲಕನು ಕೋಲನ್ನು ಎಳೆದೋ ಒತ್ತಿಯೋ ಹಿಡಿದಿರಬೇಕು. ಗಂಟೆಗಟ್ಟಲೆ ಹಾಗೆ ಹಿಡಿದರೆ ತೋಳು ಸೋತುಹೋಗುತ್ತದೆ. ಕೈಯ ಈ ಭಾರವನ್ನು ಇಳಿಸುವ ಉಪಾಯವೇ ಟ್ರಿಮ್.

೧೯೦೩ರ ಡಿಸೆಂಬರ್ ೧೭ರಂದು ರೈಟ್ ಸೋದರರು ಕಿಟಿಹಾಕ್ ಸಮೀಪದ ಮರಳದಿಬ್ಬಗಳಲ್ಲಿ ಹಾರಿಸಿದ ಯಂತ್ರಕ್ಕೆ ಇಂಥ ಉಪಾಯವಿರಲಿಲ್ಲ. ಮೂತಿಯನ್ನು ಏರಿಸಿ ಇಳಿಸುವ ಪಟ್ಟಿ ಅದರಲ್ಲಿ ಹಿಂದಿರದೆ ಮುಂದಿತ್ತು. ಹನ್ನೆರಡು ಸೆಕೆಂಡು, ೧೨೦ ಅಡಿ: ಇಷ್ಟೇ ಆ ಮೊದಲ ಹಾರಾಟ, ಆ ಸ್ವಲ್ಪದರಲ್ಲೇ ಯಂತ್ರ ಅಲೆಯಂತೆ ಎದ್ದು ಬಿದ್ದು ಸಾಗಿತು. ಹೊಟ್ಟೆಯ ಮೇಲೆ ಮಲಗಿದ್ದ ಆರ್ವಿಲ್‌ನ ಕೈಯಿಗೆ ಒಂದು ಗಳಿಗೆಯೂ ಬಿಡುವಿರಲಿಲ್ಲ. ಮರುವರ್ಷದ ಯಂತ್ರಕ್ಕೆ ಸೋದರರು ಮುಂಭಾಗದಲ್ಲಿ ಕಬ್ಬಿಣದ ತೂಕವನ್ನು ಕಟ್ಟಿ ನೋಡಿದರು. ನಮ್ಮ ಗಾಡಿಕಾರನ ಬುದ್ಧಿಯೇ ಅದು. ಹಿಂಭಾರವಾದ ಗಾಡಿಗೆ ಮುಂದೆ ಒಂದು ಮೂಟೆ.

ಮೊದಲನೆಯ ಮಹಾಯುದ್ಧದ ಕಾಲಕ್ಕೆ ವಿಮಾನಗಳು ದೊಡ್ಡವಾದುವು, ಪಟ್ಟಿಗಳೂ ಭಾರವಾದುವು. ಜರ್ಮನಿಯ ಆಂಟನ್ ಫ್ಲೆಟ್ನರ್ ಎಂಬಾತನು, ದೊಡ್ಡ ಪಟ್ಟಿಯ ಹಿಂದಂಚಿಗೆ ಇನ್ನೊಂದು ಕಿರುಪಟ್ಟಿಯನ್ನು ಕೂಡಿಸಿ, ಗಾಳಿಯ ಬಲದಿಂದಲೇ ದೊಡ್ಡ ಪಟ್ಟಿ ತಿರುಗುವಂತೆ ಮಾಡಿದ. ಆತನ ಹೆಸರು ಇಂದಿಗೂ ಆ ಕಿರುಪಟ್ಟಿಗೆ ಅಂಟಿಕೊಂಡಿದೆ. ಇದೇ ತತ್ತ್ವದ ಮೇಲೆ ಚಾಲಕನ ಪಕ್ಕಕ್ಕೆ ಒಂದು ಚಕ್ರ ಬಂದಿತು. ಕೋಲನ್ನು ಬೇಕಾದಲ್ಲಿ ಹಿಡಿದು, ಕೈಯ ಒತ್ತಡ ಮಾಯವಾಗುವ ತನಕ ಚಕ್ರವನ್ನು ತಿರುಗಿಸಿದರೆ ಸಾಕು. ಕೈಬಿಟ್ಟರೂ ವಿಮಾನ ಹಾಗೆಯೇ ಹೋಗುತ್ತದೆ.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೀಗೆ ಹದಗೊಳಿಸಿದ ವಿಮಾನ ಒಂದು ವೇಗವನ್ನು ನೆನಪಿಟ್ಟುಕೊಂಡಂತೆ ನಡೆದುಕೊಳ್ಳುತ್ತದೆ. ವೇಗ ಇಳಿದರೆ ಮೂತಿ ತಾನಾಗಿ ತಗ್ಗಿ ವೇಗವನ್ನು ಮರಳಿ ಗಳಿಸುತ್ತದೆ. ಏರಿದರೆ ಮೂತಿ ಎದ್ದು ಅದನ್ನು ಕಳೆಯುತ್ತದೆ. ಚಾಲಕ ಹಟದಿಂದ ಮೂತಿಯನ್ನು ಎತ್ತಿಹಿಡಿದರೆ ಕೋಲು ಕೈಯಲ್ಲಿ ಭಾರವಾಗುತ್ತದೆ. ಎಂದಮೇಲೆ ಆ ಭಾರ ಬರಿಯ ಕಷ್ಟವಾಗಿರಲಿಲ್ಲ. ಅದೊಂದು ವಾರ್ತೆಯೂ ಆಗಿತ್ತು. ‘ಅಯ್ಯಾ, ವೇಗ ಕುಗ್ಗುತ್ತಿದೆ’ ಎಂದು ವಿಮಾನ ಚಾಲಕನ ಅಂಗೈಗೆ ಹೇಳುತ್ತಿತ್ತು.

ಜೆಟ್ ಯುಗದಲ್ಲಿ ಕಿರುಪಟ್ಟಿ ಸಾಲದಾಯಿತು. ೧೯೪೭ರ ಅಕ್ಟೋಬರ್ ೧೪ರಂದು ಚಕ್ ಯೇಗರ್ ಬೆಲ್ ಎಕ್ಸ್-೧ ವಿಮಾನದಲ್ಲಿ ಶಬ್ದದ ವೇಗವನ್ನು ಮೀರಿದನಷ್ಟೆ. ಅದಕ್ಕೆ ಕೆಲವು ದಿನಗಳ ಹಿಂದೆ, ಶಬ್ದವೇಗ ಸಮೀಪಿಸುತ್ತಿರುವಂತೆಯೇ, ಎಲಿವೇಟರ್ ಪಟ್ಟಿ ಕೆಲಸಕ್ಕೆ ಬಾರದಂತಾಗಿತ್ತು. ಕೋಲನ್ನು ಎಷ್ಟು ಎಳೆದರೂ ಮೂತಿ ಅಲುಗಲಿಲ್ಲ. ಆಗ ಎಂಜಿನಿಯರ್ ಜ್ಯಾಕ್ ರಿಡ್ಲಿಯ ಸೂಚನೆಯಂತೆ, ಪಟ್ಟಿಯನ್ನು ನಂಬದೆ, ಬಾಲದ ಇಡೀ ರೆಕ್ಕೆಯನ್ನೇ ಟ್ರಿಮ್ ಗುಂಡಿಯಿಂದ ಕೊಂಚಕೊಂಚವಾಗಿ ಓರೆಮಾಡಿ ಯೇಗರ್ ಗೆದ್ದ. ಮುಂದೆ ಬಂದ ದೊಡ್ಡ ಜೆಟ್ ಪ್ರಯಾಣಿಕ ವಿಮಾನಗಳೆಲ್ಲ ಈ ದಾರಿಯನ್ನೇ ಹಿಡಿದುವು. ಉದ್ದನೆಯ ತಿರುಪುಮೊಳೆಯೊಂದು ಬಾಲದ ರೆಕ್ಕೆಯ ಮುಂಭಾಗವನ್ನು ಏರಿಸಿ ಇಳಿಸುತ್ತದೆ. ಅದು ಎಷ್ಟು ಬಲಶಾಲಿಯೆಂಬುದಕ್ಕೆ ಒಂದು ದುಃಖದ ಉದಾಹರಣೆ: ೨೦೦೦ದ ಜನವರಿ ೩೧ರಂದು ಅಲಾಸ್ಕಾ ಏರ್‌ಲೈನ್ಸಿನ ವಿಮಾನವೊಂದರಲ್ಲಿ, ಸಾಕಷ್ಟು ಗ್ರೀಸು ಕಾಣದೆ ಆ ಮೊಳೆಯ ತಿರುಪಿನ ಎಳೆಗಳು ಸವೆದುಹೋಗಿ, ಬಾಲದ ರೆಕ್ಕೆ ಹಿಡಿತ ತಪ್ಪಿ, ೮೮ ಜನ ಶಾಂತಸಾಗರದಲ್ಲಿ ಮುಳುಗಿಹೋದರು.

ಕಾಂಕರ್ಡ್ ವಿಮಾನದ ಮಾತು ಇನ್ನೂ ಸೋಜಿಗದ್ದು. ೧೯೬೯ರ ಮಾರ್ಚ್ ೨ರಂದು ಮೊದಲು ಹಾರಿದ ಆ ಶಬ್ದಾತೀತ ವಿಮಾನಕ್ಕೆ ಬಾಲದ ಅಡ್ಡರೆಕ್ಕೆಯೇ ಇರಲಿಲ್ಲ. ಶಬ್ದವೇಗವನ್ನು ದಾಟುವಾಗ ಎತ್ತುಬಲದ ಬಿಂದು ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ತಕ್ಕಂತೆ ಇಂಧನವನ್ನು ಮುಂದಿನ ತೊಟ್ಟಿಗಳಿಂದ ಹಿಂದಿನ ತೊಟ್ಟಿಗೆ ಪಂಪುಮಾಡುತ್ತಿದ್ದರು. ವೇಗ ಇಳಿಸುವಾಗ ಮರಳಿ ಮುಂದಕ್ಕೆ. ಮನುಷ್ಯನ ಅತಿ ವೇಗದ ಪ್ರಯಾಣಿಕ ವಿಮಾನ ಕಡೆಗೆ ಮೂಟೆ ಸರಿಸುವ ಗಾಡಿಕಾರನ ಉಪಾಯಕ್ಕೇ ಶರಣಾಯಿತು.

ಇತ್ತ ಅಣಕು ವಿಮಾನದ ಕಥೆ ಒಂದು ವಾದ್ಯದ ಕಾರ್ಖಾನೆಯಲ್ಲಿ ಪ್ರಾರಂಭವಾಗುತ್ತದೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಊರಿನಲ್ಲಿ ಎಡ್ವಿನ್ ಲಿಂಕ್‌ನ ತಂದೆ ಪಿಯಾನೊ ಮತ್ತು ಆರ್ಗನ್ನುಗಳನ್ನು ತಯಾರಿಸುತ್ತಿದ್ದ. ಆರ್ಗನ್ನಿಗೆ ಗಾಳಿ ಊದುವ ತಿದಿಗಳ ಗುಟ್ಟು ಮಗನಿಗೆ ಕರತಲಾಮಲಕ. ೧೯೨೯ರ ಹೊತ್ತಿಗೆ ಅವನು ಅವೇ ತಿದಿಗಳ ಮೇಲೆ ಒಂದು ಪುಟ್ಟ ಪೆಟ್ಟಿಗೆ-ವಿಮಾನವನ್ನು ಕೂರಿಸಿದ. ಕೋಲನ್ನು ಎಳೆದರೆ ತಿದಿ ಉಬ್ಬಿ ಪೆಟ್ಟಿಗೆ ಮೂತಿಯೆತ್ತುತ್ತಿತ್ತು. ಮೊದಮೊದಲು ಅದನ್ನು ಕೊಂಡವರು ವಿನೋದದ ಉದ್ಯಾನಗಳವರು. ೧೯೩೪ರಲ್ಲಿ ಅಮೆರಿಕದ ಸೈನ್ಯ ಅಂಚೆಯ ವಿಮಾನಗಳನ್ನು ತಾನೇ ನಡೆಸಲು ಹೊರಟು, ಮಂಜು ಮೋಡಗಳಲ್ಲಿ ಕೆಲವೇ ವಾರಗಳಲ್ಲಿ ಹಲವರು ವೈಮಾನಿಕರನ್ನು ಕಳೆದುಕೊಂಡಮೇಲೆ ಸರಕಾರದ ಕಣ್ಣು ತೆರೆಯಿತು. ತಲಾ ೩,೫೦೦ ಡಾಲರಿನಂತೆ ಆರು ಪೆಟ್ಟಿಗೆಗಳನ್ನು ಸೈನ್ಯ ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಲಕ್ಷಾಂತರ ವೈಮಾನಿಕರು ಅದರಲ್ಲಿ ಕುಳಿತೆದ್ದಿದ್ದರು. ಆ ಪೆಟ್ಟಿಗೆ ಕಲಿಸಿದ ಮುಖ್ಯ ಪಾಠ ಒಂದೇ: ಮೋಡದೊಳಗೆ ನಿನ್ನ ಮೈ ಹೇಳುವುದನ್ನು ನಂಬಬೇಡ, ಮುಂದಿರುವ ಮಾಪಕಗಳನ್ನು ನಂಬು.

ಇನ್ನು ತಂತಿಯ ಕಥೆ. ಹಿಂದೆ ಕೋಲಿನಿಂದ ಬಾಲದವರೆಗೆ ಉಕ್ಕಿನ ಹಗ್ಗಗಳೂ ರಾಟೆಗಳೂ ಇದ್ದುವು. ಅವುಗಳ ಬದಲು ವಿದ್ಯುತ್ ತಂತಿಯಲ್ಲಿ ಸಂಕೇತವನ್ನು ಕಳಿಸಿ, ನಡುವೆ ಗಣಕಯಂತ್ರವೊಂದನ್ನು ಕೂರಿಸುವುದೇ ಫ್ಲೈ ಬೈ ವೈರ್. ಚಂದ್ರನಿಗೆ ಹೋದ ಅಪೊಲೊ ನೌಕೆಗಳಲ್ಲಿ ಇಂಥ ಗಣಕಗಳಿದ್ದುವು. ಚಂದ್ರನಿಂದ ಮರಳಿ ನಾಸಾ ಸಂಸ್ಥೆಯ ಅಧಿಕಾರಿಯಾಗಿದ್ದ ನೀಲ್ ಆರ್ಮ್‌ಸ್ಟ್ರಾಂಗ್, ವಿಮಾನಕ್ಕೂ ಅದನ್ನೇ ಏಕೆ ಬಳಸಬಾರದೆಂದು ಎಂಜಿನಿಯರುಗಳಿಗೆ ಸೂಚಿಸಿದ. ೧೯೭೨ರ ಮೇ ೨೫ರಂದು ಕ್ಯಾಲಿಫೋರ್ನಿಯದಲ್ಲಿ ಗ್ಯಾರಿ ಕ್ರೈಯರ್ ಎಂಬ ವೈಮಾನಿಕ, ಅಪೊಲೊ ಗಣಕವನ್ನು ಹೊತ್ತ ಎಫ್-೮ ಯುದ್ಧವಿಮಾನವನ್ನು ಹಗ್ಗ ರಾಟೆಗಳ ಆಸರೆಯಿಲ್ಲದೆ ಹಾರಿಸಿದ. ಹದಿನೈದು ವರ್ಷಗಳ ತರುವಾಯ, ೧೯೮೭ರ ಫೆಬ್ರವರಿ ೨೨ರಂದು, ಯುರೋಪಿನ ಏರ್‌ಬಸ್ ಎ-೩೨೦ ಮೊದಲು ಹಾರಿತು. ಗಣಕವೇ ನಡುವೆ ನಿಂತು ಪಟ್ಟಿಗಳನ್ನಾಡಿಸುವ ಈ ಪದ್ಧತಿ ಪ್ರಯಾಣಿಕ ವಿಮಾನಗಳಲ್ಲಿ ನೆಲೆಯೂರಿದ್ದು ಅದರಿಂದಲೇ.

ಎ-೩೨೦ರಲ್ಲಿ ಚಾಲಕನ ಪಕ್ಕಕ್ಕೆ ಒಂದು ಗೇಣುದ್ದದ ಹಿಡಿಕೆಯಿದೆ. ಅದನ್ನು ಎಳೆದಾಗ ಚಾಲಕ ಎಲಿವೇಟರಿಗೆ ನೇರವಾಗಿ ಅಪ್ಪಣೆ ಕೊಡುವುದಿಲ್ಲ. ‘ವಿಮಾನದ ದಾರಿ ಇಷ್ಟು ಮೇಲಕ್ಕೆ ಬಾಗಲಿ’ ಎಂದು ಗಣಕಕ್ಕೆ ಕೋರಿಕೆ ಸಲ್ಲಿಸುತ್ತಾನೆ. ಹಿಡಿಕೆಯನ್ನು ಬಿಟ್ಟರೆ ಅದು ಸ್ಪ್ರಿಂಗಿನಿಂದ ನಡುವಿಗೆ ಬರುತ್ತದೆ. ಅದರ ಅರ್ಥ, ‘ಈಗಿರುವ ದಾರಿಯಲ್ಲೇ ಹೋಗಲಿ’ ಎಂದು. ಗಣಕ ಮೊದಲು ಎಲಿವೇಟರನ್ನು ಚುರುಕಾಗಿ ಆಡಿಸಿ ದಾರಿಯನ್ನು ಕಾಯುತ್ತದೆ. ಎಲಿವೇಟರ್ ಬಹಳ ಹೊತ್ತು ಒಂದೇ ಕಡೆಗೆ ಮಡಿದು ನಿಂತಿದ್ದರೆ, ಬಾಲದ ಇಡೀ ರೆಕ್ಕೆಯನ್ನು ನಿಧಾನವಾಗಿ ತಿರುಗಿಸಿ ಆ ಭಾರವನ್ನು ಅದಕ್ಕೆ ವಹಿಸಿ, ಎಲಿವೇಟರನ್ನು ಸಮಸ್ಥಿತಿಗೆ ತರುತ್ತದೆ. ಗಾಡಿಕಾರ ಎದ್ದ ಮೂಕಿಯನ್ನು ಮೊದಲು ಕೈಯಿಂದ ಅದುಮಿ, ಆ ಮೇಲೆ ಮೂಟೆಯನ್ನು ಸರಿಸುವ ಕ್ರಮವೇ ಇದು. ಇಬ್ಬರು ಆಳುಗಳು: ಒಬ್ಬ ಚುರುಕು, ಇನ್ನೊಬ್ಬ ನಿಧಾನಿ, ಆದರೆ ಬಲಶಾಲಿ. ನನ್ನ ವಿದ್ಯಾರ್ಥಿ ಕಂಡ ಚಕ್ರ ತಾನಾಗಿ ತಿರುಗುವುದು ಈ ಎರಡನೆಯ ಆಳು ಕೆಲಸಮಾಡುವಾಗ.

ನೆಲ ಬಿಡುವುದಕ್ಕೆ ಮುಂಚೆ ಮಾತ್ರ ಭಾರದ ಲೆಕ್ಕವನ್ನು ನೋಡಿ ಚಾಲಕನೇ ಚಕ್ರವನ್ನು ಹೊಂದಿಸಬೇಕು. ಇಳಿಯುವಾಗ ೫೦ ಅಡಿಯ ಎತ್ತರಕ್ಕೆ ಬಂದೊಡನೆ ಈ ತಾನಾದ ಹದ ನಿಲ್ಲುತ್ತದೆ. ಗಣಕ ಆಗಿನ ಮೂತಿಯ ಭಂಗಿಯನ್ನು ನೆನಪಿಟ್ಟುಕೊಂಡು, ೩೦ ಅಡಿಯಿಂದ ಮೂತಿಯನ್ನು ಮೆಲ್ಲಗೆ ಕೆಳಕ್ಕೆ ಜಗ್ಗುತ್ತದೆ. ಏಕೆಂದರೆ, ನೆಲ ಮುಟ್ಟುವ ಮುನ್ನ ಕೋಲನ್ನು ಹಿಂದಕ್ಕೆಳೆದು ಮೂತಿಯೆತ್ತುವುದು ವೈಮಾನಿಕರ ಹಳೆಯ ಅಭ್ಯಾಸ. ಆ ಅಭ್ಯಾಸಕ್ಕೆ ಎಡೆಯಾಗಲೆಂದು ಗಣಕವೇ ಹಳೆಯ ವಿಮಾನದ ನಟನೆ ಮಾಡುತ್ತದೆ! ಅಮೆರಿಕದ ಬೋಯಿಂಗ್ ಕಂಪನಿ ೧೯೯೪ರಲ್ಲಿ ಹಾರಿಸಿದ ೭೭೭ ವಿಮಾನದಲ್ಲಿ ಈ ನಟನೆಯನ್ನು ಇನ್ನೂ ಮುಂದುವರಿಸಿತು. ಅದೂ ತಂತಿಯ ವಿಮಾನವೇ. ಆದರೆ ಅದರ ಟ್ರಿಮ್ ಗುಂಡಿಯನ್ನು ಒತ್ತಿದರೆ, ವಿಮಾನ ನೆನಪಿಡಬೇಕಾದ ವೇಗ ಬದಲಾಗುತ್ತದೆ. ವೇಗ ಅದರಿಂದ ಆಚೀಚೆಯಾದರೆ ಕೋಲು ಮೊದಲಿನಂತೆ ಕೈಗೆ ಭಾರವಾಗುತ್ತದೆ. ಭಾರ ಕೃತಕವಾದದ್ದು, ವಾರ್ತೆ ಮಾತ್ರ ನಿಜ.

ಮನೆಯ ಅಣಕು ವಿಮಾನಗಳಿಗೂ ಈ ಭೇದ ದಾಟಿಬಂದಿದೆ. ಬ್ರೂಸ್ ಆರ್ಟ್‌ವಿಕ್ ಎಂಬ ಅಮೆರಿಕದ ಎಂಜಿನಿಯರ್ ಆ್ಯಪಲ್ ಯಂತ್ರಕ್ಕೆಂದು ಬರೆದ ಹಾರಾಟದ ಆಟ, ೧೯೮೨ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಮೂಲಕ ಲೋಕವ್ಯಾಪಕವಾಯಿತು. ಮನೆಯ ಹಿಡಿಕೆಗೂ ಸ್ಪ್ರಿಂಗಿರುತ್ತದೆ. ಬಿಟ್ಟರೆ ನಡುವಿಗೆ ಬರುತ್ತದೆ. ಹಳೆಯ ಮಾದರಿಯ ವಿಮಾನವನ್ನು ಅದರಿಂದ ಆಡಿಸುವಾಗ ಒಂದು ಹೊಂದಿಕೆಯಿಲ್ಲದ ಸ್ಥಿತಿ ಉಂಟಾಗುತ್ತದೆ. ನಿಜವಾದ ವಿಮಾನದಲ್ಲಿ ಕೋಲನ್ನು ಇದ್ದಲ್ಲೇ ಹಿಡಿದು ಟ್ರಿಮ್ ಮಾಡಿದರೆ ಕೈಯ ಭಾರ ಕರಗುತ್ತದೆ; ಮನೆಯ ಹಿಡಿಕೆಯಲ್ಲಿ ಸ್ಪ್ರಿಂಗಿನ ಭಾರ ಕರಗುವುದಿಲ್ಲ. ಆದುದರಿಂದ ಟ್ರಿಮ್ ಮಾಡುತ್ತ, ಹಿಡಿಕೆಯನ್ನು ಅಂದಾಜಿನಿಂದ ನಡುವಿಗೆ ಬಿಡುತ್ತ ಬರಬೇಕು. ತಂತಿಯ ವಿಮಾನಕ್ಕೆ ಈ ತೊಡಕಿಲ್ಲ. ಎ-೩೨೦ರ ನಿಜವಾದ ಹಿಡಿಕೆಯೂ ಬರಿಯ ಸ್ಪ್ರಿಂಗಿನದೇ. ಗಾಳಿಯ ಭಾರ ಅದರಲ್ಲಿ ಕೈಗೆ ತಿಳಿಯುವುದೇ ಇಲ್ಲ. ಹೀಗಾಗಿ ಮನೆಯ ಮೇಜಿನ ಮೇಲಿನ ಆಟಿಕೆ, ಎಲ್ಲ ದೊಡ್ಡ ವಿಮಾನಗಳಿಗಿಂತ ಏರ್‌ಬಸ್ಸನ್ನೇ ಹೆಚ್ಚು ಹೋಲುತ್ತದೆ.

ಆದರೆ ಹೋಲಿಕೆ ಹಿಡಿಕೆಯಲ್ಲಿದ್ದರೆ ಸಾಲದು, ಒಳಗಿನ ಲೆಕ್ಕದಲ್ಲಿಯೂ ಇರಬೇಕು. ಅಣಕು ವಿಮಾನ ಕ್ಷಣಕ್ಕೆ ಹಲವು ಬಾರಿ ಎತ್ತುಬಲ, ಭಾರ, ಬಾಲದ ಒತ್ತಡಗಳನ್ನು ಗುಣಿಸಿ ಕೂಡಿಸುತ್ತದೆ. ತಂತಿಯ ವಿಮಾನವಾದರೆ ಅದರ ಮೇಲೆ ಇನ್ನೊಂದು ಲೆಕ್ಕ ಬೇಕು: ಚಾಲಕ ಕೋರಿದ ಬಾಗು ಎಷ್ಟು, ಆಗಿರುವ ಬಾಗು ಎಷ್ಟು, ವ್ಯತ್ಯಾಸಕ್ಕೆ ಎಲಿವೇಟರ್ ಎಷ್ಟು ಆಡಬೇಕು, ಬಾಲದ ರೆಕ್ಕೆ ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು. ಈ ಎರಡನೆಯ ಲೆಕ್ಕವನ್ನು ಹಾರಿಸಿಬಿಟ್ಟು, ಹಳೆಯ ವಿಮಾನಕ್ಕೆ ಏರ್‌ಬಸ್ಸಿನ ವೇಷ ಹಾಕಿ ಬಿಡುವವರೂ ಉಂಟು. ೨೦೨೦ರ ಮೈಕ್ರೋಸಾಫ್ಟ್ ಆವೃತ್ತಿ ಬಂದಮೇಲೆ, ಫ್ಲೈಬೈವೈರ್ ಎಂಬ ಹೆಸರಿನ ಹವ್ಯಾಸಿಗಳ ಗುಂಪೊಂದು ಎ-೩೨೦ರ ಈ ನಿಯಮಗಳನ್ನು ತಾನೇ ಬರೆದು, ಎಲ್ಲರಿಗೂ ಉಚಿತವಾಗಿ ಹಂಚಿತು. ವೇಷಕ್ಕೂ ಪಾತ್ರಕ್ಕೂ ಇರುವ ಅಂತರ ಏನೆಂಬುದನ್ನು ಬಯಲಾಟ ನೋಡಿದ ನಮ್ಮವರಿಗೆ ವಿವರಿಸಬೇಕಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಅನುಕೂಲದ ಕಥೆ. ಇದರ ಇನ್ನೊಂದು ಮುಖವನ್ನು ನೋಡದಿದ್ದರೆ ಚರಿತ್ರೆ ಪೂರ್ತಿಯಾಗದು.

೧೯೯೦ರ ಫೆಬ್ರವರಿ ೧೪. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಹೊಚ್ಚ ಹೊಸ ಎ-೩೨೦, ಮಧ್ಯಾಹ್ನದ ಬೆಳಕಿನಲ್ಲಿ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಓಟದಾರಿಯನ್ನು ತಲಪದೆ, ಸಮೀಪದ ಗಾಲ್ಫ್ ಮೈದಾನಕ್ಕೆ ಬಡಿಯಿತು. ಒಳಗಿದ್ದ ೧೪೬ ಜನರಲ್ಲಿ ೯೨ ಮಂದಿ ಸತ್ತರು. ಇಳಿಯುವಾಗ ಎಂಜಿನುಗಳು ಕನಿಷ್ಠ ಬಲದಲ್ಲಿಯೇ ಉಳಿದಿದ್ದುವು. ವೇಗ ಇರಬೇಕಾದುದಕ್ಕಿಂತ ಬಹಳ ಕೆಳಗಿಳಿದಿತ್ತು. ಚಾಲಕರು ಸ್ಥಿತಿಯ ಗಂಭೀರತೆಯನ್ನು ಅರಿತು ಸಕಾಲದಲ್ಲಿ ಎಂಜಿನಿನ ಬಲವನ್ನು ಹೆಚ್ಚಿಸಲಿಲ್ಲವೆಂಬುದೇ ಸಂಭಾವ್ಯ ಕಾರಣವೆಂದು ವಿಚಾರಣಾ ನ್ಯಾಯಾಲಯ ಹೇಳಿತು. ತಾನಾದ ಹದವೇ ಅವರನ್ನು ಕೊಂದಿತೆಂದು ನಾನು ಹೇಳಲಾರೆ, ಅದು ಸತ್ಯವಲ್ಲ. ಹಳೆಯ ವಿಮಾನಗಳಲ್ಲಿಯೂ ಇಂಥ ಅಪಘಾತಗಳಾಗಿವೆ. ಆದರೆ ವೇಗ ಕುಗ್ಗುತ್ತಿರುವಾಗ ಅಂಗೈಯಲ್ಲಿ ಏಳುತ್ತಿದ್ದ ಆ ಭಾರ ಎ-೩೨೦ರಲ್ಲಿ ಏಳುವುದಿಲ್ಲ. ಕಣ್ಣೊಂದೇ ಕಾವಲು, ಆ ದಿನ ಕಣ್ಣು ಬೇರೆಡೆಗಿತ್ತು.

೨೦೦೮ರ ನವೆಂಬರ್ ೨೭ರಂದು ಫ್ರಾನ್ಸಿನ ಪರ್ಪಿನ್ಯಾನ್ ಸಮೀಪದ ಸಮುದ್ರದ ಮೇಲೆ ನಡೆದುದಂತೂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಬಾಡಿಗೆ ಮುಗಿದ ಎ-೩೨೦ ಒಂದನ್ನು ಒಡೆಯರಿಗೆ ಒಪ್ಪಿಸುವ ಮುಂಚಿನ ಪರೀಕ್ಷಾ ಹಾರಾಟ ಅದು. ಬಣ್ಣ ಬಳಿಯುವ ಮುನ್ನ ತೊಳೆದಾಗ ಒಳಹೊಕ್ಕ ನೀರು ಮೇಲೆ ಹೆಪ್ಪುಗಟ್ಟಿ, ಗಾಳಿ ತಾಗುವ ಕೋನವನ್ನು ಅಳೆಯುವ ಮೂರು ಮಾಪಕಗಳಲ್ಲಿ ಎರಡು ಸಿಕ್ಕಿಕೊಂಡಿದ್ದುವು. ಚಾಲಕರು ತೀರ ತಗ್ಗಿನ ಎತ್ತರದಲ್ಲಿ ವೇಗವನ್ನು ಇಳಿಸುತ್ತ ಹೋದರು, ರಕ್ಷಣೆಯ ಏರ್ಪಾಡು ತಾನಾಗಿ ಎಚ್ಚರಗೊಳ್ಳುತ್ತದೆಯೆ ನೋಡಲು. ಅದು ಎಚ್ಚರಗೊಳ್ಳಲಿಲ್ಲ. ವೇಗ ತಗ್ಗಿದಂತೆಲ್ಲ ಗಣಕ ತನ್ನ ಧರ್ಮದಂತೆ ಬಾಲದ ರೆಕ್ಕೆಯನ್ನು ಮೂತಿಯೇಳುವ ಕಡೆಗೆ ಕೊನೆಯವರೆಗೂ ತಿರುಗಿಸಿಟ್ಟಿತ್ತು. ಎತ್ತುಬಲ ಕಳೆದು ವಿಮಾನ ಕುಸಿದಾಗ, ಗಣಕಕ್ಕೆ ಮಾಪಕಗಳ ಮೇಲಿನ ನಂಬಿಕೆ ಹೋಗಿ, ಅದು ಹೊಣೆಯನ್ನು ಮನುಷ್ಯರಿಗೆ ಒಪ್ಪಿಸಿ ಹಿಂದೆ ಸರಿಯಿತು. ‘ಹದವನ್ನು ಕೈಯಿಂದ ಮಾಡಿ’ ಎಂಬ ಅರ್ಥದ ಅಕ್ಷರಗಳು ಪರದೆಯ ಮೇಲೆ ಮೂಡಿದುವು. ಪಕ್ಕದಲ್ಲಿಯೇ ಇದ್ದ ಚಕ್ರವನ್ನು ಯಾರೂ ಮುಟ್ಟಲಿಲ್ಲ. ಏಳು ಜನ ಸತ್ತರು. ವರ್ಷಗಟ್ಟಲೆ ತಾನಾಗಿ ತಿರುಗಿದ ಚಕ್ರ, ತಿರುಗಿಸಬೇಕಾದ ಚಕ್ರವೆಂಬುದೇ ಮರೆತುಹೋಗಿತ್ತು.

ಮರುವರ್ಷ, ೨೦೦೯ರ ಜೂನ್ ೧ರಂದು, ರಿಯೊದಿಂದ ಪ್ಯಾರಿಸ್ಸಿಗೆ ಹೊರಟ ಏರ್ ಫ್ರಾನ್ಸಿನ ಎ-೩೩೦ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿ ೨೨೮ ಜನ ಮಡಿದರು. ವೇಗಮಾಪಕದ ಕೊಳವೆಗಳು ಮಂಜುಗಟ್ಟಿ, ಸ್ವಯಂಚಾಲನೆ ಕಳಚಿತು. ಚಾಲಕ ಹಿಡಿಕೆಯನ್ನು ಎಳೆಯುತ್ತಲೇ ಇದ್ದ. ಅವನ ಕೋರಿಕೆಯನ್ನು ಮನ್ನಿಸಿ ಬಾಲದ ರೆಕ್ಕೆ ೩ ಡಿಗ್ರಿಯಿಂದ ೧೩ ಡಿಗ್ರಿಯವರೆಗೆ ಮೂತಿಯೇಳುವ ಕಡೆಗೆ ಮೌನವಾಗಿ ತಿರುಗಿ, ಕೊನೆಯವರೆಗೂ ಹಾಗೆಯೇ ನಿಂತಿತು. ಆಳು ವಿಧೇಯನೇ, ಯಜಮಾನನಿಗೆ ಮಾತ್ರ ಆಳು ಏನು ಮಾಡುತ್ತಿದ್ದಾನೆಂಬುದು ತಿಳಿಯದು.

ಬೋಯಿಂಗ್ ೭೩೭ ಮ್ಯಾಕ್ಸ್ ವಿಮಾನದ್ದು ಬೇರೆ ಬಗೆ. ಅದರ ಎಲಿವೇಟರಿಗೆ ಇಂದಿಗೂ ಹಗ್ಗಗಳುಂಟು. ಆದರೆ ಅದರಲ್ಲಿ ಸೇರಿಸಿದ ಒಂದು ಗಣಕ ನಿಯಮ, ಒಂದೇ ಒಂದು ಕೋನಮಾಪಕದ ಮಾತನ್ನು ನಂಬಿ, ಬಾಲದ ರೆಕ್ಕೆಯನ್ನು ಮೂತಿ ಇಳಿಯುವ ಕಡೆಗೆ ಮತ್ತೆ ಮತ್ತೆ ತಿರುಗಿಸುವಂತಿತ್ತು. ೨೦೧೮ರ ಅಕ್ಟೋಬರಿನಲ್ಲಿ ಇಂಡೊನೇಷ್ಯದಲ್ಲಿ ೧೮೯, ೨೦೧೯ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲಿ ೧೫೭ ಜನ ಸತ್ತರು. ಆ ನಿಯಮದ ಹೆಸರನ್ನೇ ಮೊದಲ ಅಪಘಾತಕ್ಕೆ ಮುಂಚೆ ಚಾಲಕರಿಗೆ ಹೇಳಿರಲಿಲ್ಲ. ಹೊಸ ವಿಮಾನಕ್ಕಾಗಿ ಸಿಮ್ಯುಲೇಟರಿನಲ್ಲಿ ಅಭ್ಯಾಸ ಬೇಕಿಲ್ಲವೆಂದೂ ಕಂಪನಿ ಹೇಳಿತ್ತು. ದುರಂತಗಳಾದಮೇಲೆ, ಸಿಮ್ಯುಲೇಟರಿನ ಲೆಕ್ಕವೂ ಕೆಲವು ಸ್ಥಿತಿಗಳನ್ನು ಸರಿಯಾಗಿ ತೋರಿಸುತ್ತಿರಲಿಲ್ಲವೆಂದು ಅದೇ ಒಪ್ಪಿಕೊಂಡಿತು. ಅಣಕು ವಿಮಾನ ಗೊತ್ತಿದ್ದ ಆಪತ್ತನ್ನಷ್ಟೇ ಕಲಿಸಬಲ್ಲದು. ಅದನ್ನು ಬರೆದವನ ಕಲ್ಪನೆ ಎಲ್ಲಿ ನಿಂತಿತೋ ಅಲ್ಲಿಗೆ ಅದರ ಪಾಠವೂ ನಿಲ್ಲುತ್ತದೆ.

ಇಷ್ಟನ್ನು ಓದಿ ತಂತಿಯ ವಿಮಾನವೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ದಿನವೂ ಸಾವಿರಾರು ಇಂಥ ವಿಮಾನಗಳು ಕ್ಷೇಮವಾಗಿ ಇಳಿಯುತ್ತವೆ. ಬೆಂಗಳೂರಿನಲ್ಲಿಯೇ ರೂಪುಗೊಂಡ ತೇಜಸ್ ಯುದ್ಧವಿಮಾನ ಗಣಕವಿಲ್ಲದೆ ಹಾರಲಾರದು. ಅದಕ್ಕೂ ಬಾಲದ ಅಡ್ಡರೆಕ್ಕೆಯಿಲ್ಲ. ಚುರುಕಾಗಿರಲೆಂದು ಬೇಕೆಂದೇ ಹಿಂಭಾರದ ಗಾಡಿಯಂತೆ ಅಸ್ಥಿರವಾಗಿ ಅದನ್ನು ರಚಿಸಿದ್ದಾರೆ. ಮೂತಿಯನ್ನು ಕ್ಷಣಕ್ಷಣಕ್ಕೂ ಹದದಲ್ಲಿಡುವುದು ನಾಲ್ಕು ಮಡಿಯಾಗಿ ಜೋಡಿಸಿದ ಗಣಕದ ಕೆಲಸ. ೧೯೯೮ರ ಅಣುಪರೀಕ್ಷೆಗಳ ತರುವಾಯ ಅಮೆರಿಕ ತನ್ನ ಸಹಾಯವನ್ನು ನಿಲ್ಲಿಸಿದಾಗ, ಆ ಹಾರಾಟದ ನಿಯಮಗಳನ್ನು ನಮ್ಮ ಎಂಜಿನಿಯರುಗಳು ತಾವೇ ಪೂರೈಸಬೇಕಾಯಿತು. ನೆಲದ ಮೇಲಿನ ಸಿಮ್ಯುಲೇಟರುಗಳಲ್ಲಿ ಮತ್ತೆ ಮತ್ತೆ ಹಾರಿಸಿ, ತಿದ್ದಿ, ತೃಪ್ತಿಯಾದಮೇಲೆ, ೨೦೦೧ರ ಜನವರಿ ೪ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು ಮೊದಲ ಬಾರಿಗೆ ಆಕಾಶಕ್ಕೊಯ್ದರು. ೧೯೯೦ರಲ್ಲಿ ೯೨ ಜನ ಸತ್ತದ್ದೂ, ೨೦೦೧ರಲ್ಲಿ ತೇಜಸ್ ಎದ್ದದ್ದೂ ಒಂದೇ ಓಟದಾರಿಯ ಆಸುಪಾಸಿನಲ್ಲಿ ಎಂಬುದನ್ನು ಬೆಂಗಳೂರಿನವರು ನೆನೆಯಬೇಕು.

ನೂರು ವರ್ಷಗಳ ಈ ಚರಿತ್ರೆಯಲ್ಲಿ ನನಗೆ ಕಾಣುವುದು ಇಷ್ಟು. ಮನುಷ್ಯ ತನ್ನ ಕೈಯ ಭಾರವನ್ನು ಇಳಿಸಿಕೊಳ್ಳಲು ಮೊದಲು ತೂಕವನ್ನು, ಆಮೇಲೆ ಕಿರುಪಟ್ಟಿಯನ್ನು, ತಿರುಪುಮೊಳೆಯನ್ನು, ಕಡೆಗೆ ಗಣಕವನ್ನು ನೇಮಿಸಿಕೊಂಡ. ಪ್ರತಿಯೊಂದು ಹೆಜ್ಜೆಯೂ ನ್ಯಾಯವಾದದ್ದೇ. ಆದರೆ ಭಾರ ಇಳಿದಾಗಲೆಲ್ಲ ಅದರೊಡನೆ ಒಂದಿಷ್ಟು ತಿಳಿವಳಿಕೆಯೂ ಇಳಿದುಹೋಗುತ್ತ ಬಂದಿತು. ಎ-೩೨೦ರಲ್ಲಿ ಆ ಚಕ್ರವಾದರೂ ಚಾಲಕನ ಮೊಣಕಾಲ ಬಳಿ ತಿರುಗುತ್ತ ಕಣ್ಣಿಗೆ ಬೀಳುತ್ತಿತ್ತು. ಅನಂತರ ಬಂದ ಎ-೩೮೦ ಮತ್ತು ಎ-೩೫೦ ವಿಮಾನಗಳಲ್ಲಿ ಚಕ್ರವೂ ಇಲ್ಲ. ಕಳೆದ ತಿಳಿವಳಿಕೆಯನ್ನು ಕೈಗೆ ಮರಳಿ ಕೊಡಲಾಗದಿದ್ದರೆ ಅಭ್ಯಾಸದಿಂದ ತಲೆಗೆ ಕೊಡಬೇಕು. ಲಿಂಕ್‌ನ ತಿದಿಯ ಪೆಟ್ಟಿಗೆಯ ಮೊಮ್ಮಕ್ಕಳಾದ ಸಿಮ್ಯುಲೇಟರುಗಳ ನಿಜವಾದ ಕೆಲಸ ಅದೇ. ಅಟ್ಲಾಂಟಿಕ್ ದುರಂತವಾದಮೇಲೆ ವಿಮಾನ ಎತ್ತುಬಲ ಕಳೆದುಕೊಂಡು ಬೀಳುವ ಸ್ಥಿತಿಯನ್ನು ಸಿಮ್ಯುಲೇಟರಿನಲ್ಲಿ ತೋರಿಸಿ ಕಲಿಸುವುದಕ್ಕೆ ಹೆಚ್ಚಿನ ಮಹತ್ತ್ವ ಬಂದಿದೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದೂ ಇದನ್ನೇ. ಚಕ್ರ ತಾನಾಗಿ ತಿರುಗುವಾಗ ಸುಮ್ಮನೆ ನೋಡಿ ಸಂತೋಷಪಡು. ಆದರೆ ಆಟದಲ್ಲಿ ಒಮ್ಮೊಮ್ಮೆ ಗಣಕವನ್ನು ಕೆಡಿಸಿ, ಆ ಚಕ್ರವನ್ನು ನಿನ್ನ ಕೈಯಿಂದಲೇ ತಿರುಗಿಸಿ ಇಳಿಸಿ ನೋಡು. ಮನೆಯ ಆಟದಲ್ಲಿ ಬಿದ್ದರೆ ಯಾರಿಗೂ ಗಾಯವಾಗುವುದಿಲ್ಲ.